ಶುಕ್ರವಾರದ ಕಂತು

2025ರ ಅಕ್ಟೋಬರ್ 25ರ ಸಂಜೆ ಭಾವ ಫೋನ್ ಮಾಡಿದರು. ಅವರು ಫೋನ್ ಮಾಡುವುದೆಲ್ಲ ಬೆಳಿಗ್ಗೆ, ಕಾಫಿ ಕುಡಿದ ಮೇಲೆ. ಎಪ್ಪತ್ತಾರರ ಹಿರಿಯರ ಹೆಸರು ಹೊತ್ತಲ್ಲದ ಹೊತ್ತಿನಲ್ಲಿ ಫೋನಿನಲ್ಲಿ ಮೂಡಿದರೆ ಎದೆ ಧಸಕ್ಕೆನ್ನುತ್ತದೆ.

“ಸತೀಶ್ ಶಾ ಹೋದ್ರಂತೆ ಮಾರಾಯ” ಎಂದರು.

“ಯಾವಾಗ?”

“ಇವತ್ತು. ಟಿವಿಯಲ್ಲಿ ಹೇಳ್ತಾ ಇದ್ದಾರೆ.” ಸ್ವಲ್ಪ ಹೊತ್ತು ಸುಮ್ಮನಿದ್ದು, “ಶನಿವಾರ, ನೋಡು” ಎಂದರು.

ಆ ಶನಿವಾರದ ಅರ್ಥ ನಮ್ಮಿಬ್ಬರಿಗೆ ಗೊತ್ತು. ನಲವತ್ತೊಂದು ವರ್ಷದ ಹಿಂದೆ ಡೊಂಬಿವಲಿಯಿಂದ ವಿ.ಟಿ.ಗೆ ಹೋಗುವ ಲೋಕಲ್ಲಿನಲ್ಲಿ ನಿಂತು, ನಾವು ಪ್ರತಿ ಶನಿವಾರ ಬೆಳಿಗ್ಗೆ ಇದೇ ಸತೀಶ್ ಶಾ ವಿಷಯ ಮಾತಾಡುತ್ತಿದ್ದೆವು. ಹಿಂದಿನ ರಾತ್ರಿ ಆತ ಕಟ್ಟಿದ್ದು ಯಾವ ವೇಷ, ಅದು ಕೂತಿತೋ ಇಲ್ಲವೋ, ಮಾತು ಹದವಾಗಿತ್ತೋ ಹೆಚ್ಚಾಯಿತೋ. ಠಾಣೆ ಬರುವಷ್ಟರಲ್ಲಿ ತೀರ್ಪು ಆಗಿರುತ್ತಿತ್ತು. ಆತ ಹೋದದ್ದೂ ಶನಿವಾರವೇ. ವಯಸ್ಸು ಎಪ್ಪತ್ನಾಲ್ಕು.

‘ಯೇ ಜೋ ಹೈ ಜಿಂದಗಿ’ ದೂರದರ್ಶನದಲ್ಲಿ ಶುರುವಾದದ್ದು 1984ರಲ್ಲಿ. ಶುಕ್ರವಾರ ರಾತ್ರಿ ಒಂಬತ್ತಕ್ಕೆ, ಅರ್ಧ ಗಂಟೆಯ ಆಟ. ಬರೆದವರು ಹಿಂದಿಯ ದೊಡ್ಡ ವ್ಯಂಗ್ಯ ಲೇಖಕ ಶರದ್ ಜೋಶಿ. ನಿರ್ದೇಶನ ಕುಂದನ್ ಶಾ, ಮಂಜುಲ್ ಸಿನ್ಹಾ, ರಮಣ್ ಕುಮಾರ್ ಅವರದು. ಕುಂದನ್ ಶಾ ಅದರ ಹಿಂದಿನ ವರ್ಷವಷ್ಟೇ ‘ಜಾನೇ ಭೀ ದೋ ಯಾರೋ’ ಮಾಡಿದ್ದರು. ಅದರಲ್ಲಿ ಹೆಣವಾಗಿ ಇಡೀ ಮುಂಬಯಿ ತಿರುಗಿದ ಕಮಿಷನರ್ ಡಿಮೆಲ್ಲೋ ಕೂಡ ಸತೀಶ್ ಶಾ ಅವರೇ. ಶೀರ್ಷಿಕೆ ಗೀತೆ ಕಿಶೋರ್ ಕುಮಾರ್ ದನಿಯಲ್ಲಿ. ರಂಜಿತ್ ವರ್ಮಾ ಎಂಬ ಸಂಬಳದ ನೌಕರನಾಗಿ ಶಫಿ ಇನಾಂದಾರ್, ಅವನ ಹೆಂಡತಿ ರೇಣು ಆಗಿ 1979ರ ಮಿಸ್ ಇಂಡಿಯಾ ಸ್ವರೂಪ್ ಸಂಪತ್, ರೇಣುವಿನ ತಮ್ಮ ರಾಜಾ ಆಗಿ ರಾಕೇಶ್ ಬೇಡಿ. ಪಕ್ಕದಲ್ಲಿ ಒಂದು ಬಂಗಾಳಿ ಸಂಸಾರ, ವಿಜಯ್ ಕಶ್ಯಪ್ ಮತ್ತು ಸುಲಭಾ ಆರ್ಯ. ಮನೆಯ ಬಾಗಿಲು ತಟ್ಟಿ ಒಳಗೆ ಬರುವ ಆಗಂತುಕ ವಾರಕ್ಕೊಬ್ಬ, ಅಷ್ಟೂ ಜನ ಸತೀಶ್ ಶಾ. ಐವತ್ತೈದು ಕಂತಿಗೆ ಐವತ್ತೈದು ವೇಷ ಎಂದು ಈಗಲೂ ಎಲ್ಲರೂ ಲೆಕ್ಕ ಹೇಳುತ್ತಾರೆ.

ನಮ್ಮ ಕಡೆಯವರಿಗೆ ಇದು ಹೊಸತಾಗಿ ಕಾಣಲಿಲ್ಲ. ಯಕ್ಷಗಾನದ ಹಾಸ್ಯಗಾರ ಒಂದೇ ರಾತ್ರಿಯಲ್ಲಿ ಬಾಗಿಲ ಕಾಯುವವನಾಗಿ, ದೂತನಾಗಿ, ಹಸಿದ ಬ್ರಾಹ್ಮಣನಾಗಿ, ಮುದುಕಿಯಾಗಿ ಬಂದು ಹೋಗುತ್ತಾನೆ. ರಾಜರ ಆಟ ನೋಡಲು ಬಂದ ಜನ ಬೆಳಗಿನ ಜಾವಕ್ಕೆ ಹಾಸ್ಯಗಾರನ ಮಾತನ್ನು ಬಾಯಲ್ಲಿಟ್ಟುಕೊಂಡು ಮನೆಗೆ ಹೋಗುತ್ತಾರೆ. ಸತೀಶ್ ಶಾ ನಮಗೆ ಮೊದಲ ದಿನದಿಂದಲೂ ಮೇಳದ ಹಾಸ್ಯಗಾರರೇ. ಅದಕ್ಕೇ ಅವರ ವಿಮರ್ಶೆಯನ್ನೂ ನಾವು ಆಟದ ವಿಮರ್ಶೆಯ ಭಾಷೆಯಲ್ಲೇ ಮಾಡಿದೆವು.

ನಾನು ಕುಂದಾಪುರದ ಹತ್ತಿರದ ಹಳ್ಳಿಯಿಂದ ಬಿ.ಕಾಂ. ಮುಗಿಸಿ 1984ರ ಜೂನ್‌ನಲ್ಲಿ ಮುಂಬಯಿಗೆ ಬಂದೆ. ಕೊಂಕಣ ರೈಲು ಪೂರ್ತಿಯಾಗಿ ಓಡಿದ್ದು 1998ರಲ್ಲಿ. ಆಗ ಬಸ್ಸೇ ಗತಿ, ಒಂದು ಹಗಲು ಒಂದು ರಾತ್ರಿ. ಡೊಂಬಿವಲಿ ಪೂರ್ವದ ಒಂದು ಚಾಳಿನಲ್ಲಿ ಅಕ್ಕ, ಭಾವ, ಅವರ ಎರಡು ವರ್ಷದ ಮಗಳು. ಹತ್ತು ಹನ್ನೆರಡರ ಒಂದು ಖೋಲಿ, ಅದಕ್ಕೆ ಅಂಟಿಕೊಂಡ ಅಡುಗೆ ಜಾಗ, ಮೂಲೆಯಲ್ಲಿ ಮೋರಿ. ಸಂಡಾಸು ಗ್ಯಾಲರಿಯ ಕೊನೆಯಲ್ಲಿ, ಎಂಟು ಖೋಲಿಗೆ ಎರಡು. ರಾತ್ರಿ ಭಾವನ ಊಟದ ಮಣೆ ಎತ್ತಿ ಅಲ್ಲೇ ಹಾಸಿಗೆ ಬಿಡಿಸಿದರೆ ಬಾಗಿಲು ಪೂರ್ತಿ ತೆರೆಯುತ್ತಿರಲಿಲ್ಲ. ನಾನು ಗ್ಯಾಲರಿಯಲ್ಲಿ ಚಾಪೆ ಹಾಕಿಕೊಳ್ಳುತ್ತಿದ್ದೆ. ಮಳೆ ಬಂದರೆ ಅಡುಗೆ ಜಾಗದಲ್ಲಿ, ಸ್ಟೌವಿನ ಪಕ್ಕ.

ಮುಂಬಯಿಯ ಕನ್ನಡಿಗರಲ್ಲಿ ಹೀಗೆ ಬದುಕು ಶುರು ಮಾಡದವರು ಕಡಿಮೆ. ಯಾರೋ ಒಬ್ಬ ಅಕ್ಕ, ಒಬ್ಬ ಚಿಕ್ಕಪ್ಪ, ಇಲ್ಲವೇ ಹೋಟೆಲಿನ ಮಾಳಿಗೆ. ಹಗಲು ಕೆಲಸ ಮಾಡಿ ರಾತ್ರಿ ಶಾಲೆಯಲ್ಲಿ ಓದಿದವರ ಕತೆಗಳನ್ನು ಬಹಳ ಜನ ಬರೆದಿದ್ದಾರೆ, ಬರೆಯಬೇಕಾದದ್ದೇ. ಅವರಿಗೆ ಮಲಗಲು ಜಾಗ ಕೊಟ್ಟು ತಾವು ಮಗ್ಗುಲಾದ ಅಕ್ಕ ಭಾವಂದಿರ ಕತೆ ಅಷ್ಟಾಗಿ ಬಂದಿಲ್ಲ.

ಟಿವಿ ಮೊದಲು ನಮ್ಮ ಮನೆಯಲ್ಲಿ ಇರಲಿಲ್ಲ. ಪಕ್ಕದ ಖೋಲಿಯ ಮರಾಠಿ ಕಾಕೂ ಮನೆಯಲ್ಲಿತ್ತು. ಮರದ ಶಟರಿನ ಪೆಟ್ಟಿಗೆ, ಕಪ್ಪು ಬಿಳುಪು. ಶುಕ್ರವಾರ ಎಂಟೂ ಮುಕ್ಕಾಲಿಗೇ ಗ್ಯಾಲರಿಯ ಅಷ್ಟೂ ಮನೆಯವರು ಅಲ್ಲಿ ಸೇರುತ್ತಿದ್ದೆವು. ಹೆಂಗಸರು ಮಂಚದ ಮೇಲೆ, ಮಕ್ಕಳು ನೆಲದಲ್ಲಿ, ಗಂಡಸರು ಹೊಸ್ತಿಲ ಆಚೆ ಈಚೆ. ಮೊದಲು ವಿಕ್ಕೊ ಜಾಹೀರಾತು. ವಿಕ್ಕೊ ಕಾರ್ಖಾನೆ ಡೊಂಬಿವಲಿಯಲ್ಲೇ ಇತ್ತು, ಹಾಗಾಗಿ ಚಾಳಿನವರು ಆ ಹಾಡಿನ ಹೊತ್ತಿಗೇ ಹೆಮ್ಮೆಯಿಂದ ನೆಟ್ಟಗೆ ಕೂರುತ್ತಿದ್ದರು. ಆಮೇಲೆ ಕಿಶೋರ್ ಕುಮಾರ್. ಆಮೇಲೆ ಮಾತಿಲ್ಲ.

ಆ ವರ್ಷದ ದೀಪಾವಳಿ ಹೊತ್ತಿಗೆ ಭಾವ ಒಂದು ಟಿವಿ ತಂದರು, ಕಂತಿನ ಮೇಲೆ. ಮೊದಲು ಒಂದಿಷ್ಟು, ಮತ್ತೆ ತಿಂಗಳಿಗೆ ಇನ್ನೂರರಂತೆ ಹನ್ನೆರಡು ಕಂತು. ಕನ್ನಡದಲ್ಲಿ ಸಾಲದ ಕಂತಿಗೂ ಧಾರಾವಾಹಿಯ ಕಂತಿಗೂ ಒಂದೇ ಶಬ್ದ ಇರುವುದನ್ನು ಅಕ್ಕ ಅವತ್ತೇ ಕಂಡುಹಿಡಿದಳು. “ಅದು ತೀರುವವರೆಗೆ ಇದು ಮುಗೀಬಾರದು” ಎಂದು ಪೆಟ್ಟಿಗೆಗೆ ಕುಂಕುಮ ಹಚ್ಚಿದಳು.

ಭಾವ ಫೋರ್ಟಿನ ಒಂದು ಹಡಗು ಕಂಪನಿಯಲ್ಲಿ ಗುಮಾಸ್ತರು. ಮನೆಯ ಲೆಕ್ಕವನ್ನು ಉದ್ದನೆಯ ಪುಸ್ತಕದಲ್ಲಿ ಬರೆಯುವ ಅಭ್ಯಾಸ: ಹಾಲು, ರೇಷನ್, ರೈಲಿನ ಪಾಸು, ಊರಿಗೆ ಮನಿಯಾರ್ಡರು. ಟಿವಿ ಬಂದ ವಾರದಿಂದ ಆ ಪುಸ್ತಕದಲ್ಲಿ ಶುಕ್ರವಾರದ ಪುಟದ ಕೆಳಗೆ ಒಂದು ಸಾಲು ಹೆಚ್ಚಾಯಿತು. ‘ಜಿಂದಗಿ’ ಎಂದು ಬರೆದು ಅದರ ಮುಂದೆ ಒಂದೇ ಪದ. ಅವರಲ್ಲಿ ಇದ್ದದ್ದು ಮೂರೇ ದರ್ಜೆ. ಲಾಯ್ಕ್, ಅಡ್ಡಿಲ್ಲ, ಸಪ್ಪೆ. ಲಾಯ್ಕ್ ಎಂದರೆ ಅಕ್ಕ ನಗುವಾಗ ಕೈಯಲ್ಲಿದ್ದ ಕೆಲಸ ಬಿಟ್ಟಿರಬೇಕು. ಅಡ್ಡಿಲ್ಲ ಎಂದರೆ ಕೆಲಸ ಮಾಡುತ್ತಲೇ ನಕ್ಕಿದ್ದಾಳೆ. ಸಪ್ಪೆ ಎಂದರೆ ನಡುವೆ ಎದ್ದು ಹೋಗಿ ನಾಳೆಯ ಅಕ್ಕಿ ನೆನೆಹಾಕಿದ್ದಾಳೆ. ಈ ಅಳತೆಗೋಲನ್ನು ಅವರು ಬಾಯಿಬಿಟ್ಟು ಹೇಳಿದ್ದು ಬಹಳ ವರ್ಷದ ಮೇಲೆ. ಪತ್ರಿಕೆಗಳಲ್ಲಿ ನಾನು ಓದಿದ ಎಷ್ಟೋ ವಿಮರ್ಶೆಗಳಿಗಿಂತ ಅದು ಖರೆ ಎಂದು ನನಗೆ ಅನಿಸಿದೆ. ನಗೆಯ ನಾಟಕವನ್ನು ಮತ್ತೆ ಹೇಗೆ ತೂಗುವುದು?

ಶನಿವಾರ ಬೆಳಗಿನದು ಬೇರೆಯದೇ ಸಭೆ. ಎಂಟೂ ಹತ್ತರ ಲೋಕಲ್, ಎರಡನೇ ದರ್ಜೆಯ ಡಬ್ಬಿ, ಹಿಂದಿನಿಂದ ಮೂರನೆಯ ಬಾಗಿಲು. ಬ್ಯಾಂಕಿನ ಒಬ್ಬ ಕಾರವಾರದ ಕ್ಯಾಷಿಯರು, ಮಸ್ಜಿದಿನ ಕಿರಾಣಿ ಅಂಗಡಿಯ ಲೆಕ್ಕದವರು, ಒಬ್ಬ ಟೈಪಿಸ್ಟ್, ಭಾವ, ಅವರ ಬೆನ್ನಿಗೆ ನಾನು. ಟೈಪಿಂಗ್ ಕ್ಲಾಸಿಗೆ, ಅರ್ಜಿ ಕೊಡಲು, ಸಂದರ್ಶನಕ್ಕೆ ಎಂದು ನನಗೂ ದಿನಾ ಫೋರ್ಟಿನ ದಾರಿಯೇ ಇತ್ತು. ಹಿಂದಿ ನಾಟಕದ ವಿಮರ್ಶೆ ತುಳು, ಕೊಂಕಣಿ, ಕುಂದಾಪುರ ಕನ್ನಡಗಳಲ್ಲಿ ಕಲೆಸಿಕೊಂಡು ನಡೆಯುತ್ತಿತ್ತು. ಸತೀಶ್ ಶಾ ಬಾಯಲ್ಲಿ ಬಂದ ‘ಥರ್ಟಿ ಇಯರ್ಸ್ ಕಾ ಎಕ್ಸ್‌ಪೀರಿಯನ್ಸ್’ ಎಂಬ ಮಾತನ್ನು ಕ್ಯಾಷಿಯರು ತಮ್ಮದೇ ಮಾಡಿಕೊಂಡಿದ್ದರು. ಟಿಕು ತಲ್ಸಾನಿಯಾ ಬಾಸ್ ಆಗಿ ಬಂದ ಮೇಲೆ ಅವರ ‘ಯೇ ಕ್ಯಾ ಹೋ ರಹಾ ಹೈ’ ಎಂಬುದು ಬಾಗಿಲಲ್ಲಿ ನೂಕುನುಗ್ಗಲು ಆದಾಗಲೆಲ್ಲ ಯಾರದೋ ಬಾಯಿಂದ ಬಂದೇ ಬರುತ್ತಿತ್ತು. ಡಬ್ಬಿಯ ಅರ್ಧ ಜನ ನಗುತ್ತಿದ್ದರು. ಶುಕ್ರವಾರ ರಾತ್ರಿ ಎಲ್ಲರೂ ಅದನ್ನೇ ನೋಡಿರುತ್ತಿದ್ದರಲ್ಲ.

ಒಬ್ಬರನ್ನು ಬಿಟ್ಟು. ಮಿಲ್ಲಿನ ಅಣ್ಣ ಎಂದು ನಾವು ಕರೆಯುತ್ತಿದ್ದ, ಕಾರ್ಕಳ ಕಡೆಯ, ನಲವತ್ತೈದರ ಆಸುಪಾಸಿನ ಮನುಷ್ಯ. ಲಾಲ್‌ಬಾಗಿನ ಒಂದು ಬಟ್ಟೆ ಮಿಲ್ಲಿನಲ್ಲಿ ಹದಿನೆಂಟು ವರ್ಷ ದುಡಿದವರು. 1982ರ ಜನವರಿ 18ರಂದು ದತ್ತಾ ಸಾಮಂತರ ಮುಂದಾಳತ್ವದಲ್ಲಿ ಮಿಲ್ಲುಗಳ ಮುಷ್ಕರ ಶುರುವಾದಾಗ ಹೊರಗೆ ಬಂದ ಸುಮಾರು ಎರಡೂವರೆ ಲಕ್ಷ ಕಾರ್ಮಿಕರಲ್ಲಿ ಅವರೂ ಒಬ್ಬರು. ಆ ಮುಷ್ಕರ ಮುಗಿಯಿತೆಂದು ಯಾರೂ ಘೋಷಿಸಲೇ ಇಲ್ಲ; ಕೆಲಸವೂ ತಿರುಗಿ ಬರಲಿಲ್ಲ. ಹೆಂಡತಿ ಮಕ್ಕಳನ್ನು ಊರಿಗೆ ಕಳಿಸಿ, ಅವರು ಮಸ್ಜಿದಿನ ಒಂದು ಹೋಟೆಲಿನಲ್ಲಿ ಸಾಮಾನಿನ ಕೋಣೆ ನೋಡಿಕೊಳ್ಳುತ್ತಿದ್ದರು. ಅವರು ಮಲಗುವ ಜಾಗದಲ್ಲಿ ಟಿವಿ ಇರಲಿಲ್ಲ.

ಅವರಿಗಾಗಿ ನಮ್ಮ ವಿಮರ್ಶೆ ಕತೆ ಹೇಳುವುದರಿಂದ ಶುರುವಾಗಬೇಕಿತ್ತು. ಭಾವ ಹೇಳುತ್ತಿದ್ದರು. ಒಂದು ಕೈಯಲ್ಲಿ ಮೇಲಿನ ಹಿಡಿಕೆ, ಇನ್ನೊಂದರಲ್ಲಿ ಊಟದ ಡಬ್ಬಿ. ಅಷ್ಟರಲ್ಲೇ ಬಾಗಿಲು ತಟ್ಟಿದ ಸದ್ದು, ಸತೀಶ್ ಶಾ ಒಳಗೆ ಬರುವ ನಡಿಗೆ, ರೇಣು ಗಂಡನ ಕಡೆ ಹುಬ್ಬು ಹಾರಿಸುವುದು, ಎಲ್ಲ ಬರುತ್ತಿತ್ತು. ಅಣ್ಣ ಕಣ್ಣು ಮುಚ್ಚಿ ಕೇಳುತ್ತಿದ್ದರು, ನಗು ಬಂದಾಗ ಹೆಗಲು ಅಲ್ಲಾಡುತ್ತಿತ್ತು. ಕತೆ ಮುಗಿದ ಮೇಲೆ ಅವರದು ಪ್ರತಿ ವಾರವೂ ಒಂದೇ ಪ್ರಶ್ನೆ:

“ಆ ಹುಡುಗನಿಗೆ ಕೆಲಸ ಸಿಕ್ಕಿತಾ?”

ಹುಡುಗ ಎಂದರೆ ರಾಜಾ. ಅಕ್ಕನ ಮನೆಯಲ್ಲಿ ಕೆಲಸವಿಲ್ಲದೆ ಇರುವ ತಮ್ಮ.

“ಇನ್ನೂ ಇಲ್ಲ ಅಣ್ಣ” ಎನ್ನುತ್ತಿದ್ದರು ಭಾವ.

“ಸಿಗ್ತದೆ, ಸಿಗ್ತದೆ” ಎಂದು ಅಣ್ಣ ಹೇಳುವಾಗ ಅವರ ಕಣ್ಣು ಕಿಟಕಿಯ ಆಚೆ ಇರುತ್ತಿತ್ತು. ನಾನು ಟೈಪಿಂಗ್ ಪುಸ್ತಕ ಎದೆಗೆ ಅವುಚಿಕೊಂಡು ಬಾಗಿಲ ಕಡೆ ನೋಡುತ್ತಿದ್ದೆ.

ಸತೀಶ್ ಶಾ ಬಗ್ಗೆ ಎಲ್ಲರೂ ಬರೆದರು. ಅವರು ಹೋದ ವಾರ ಪತ್ರಿಕೆಗಳಲ್ಲಿ ಬಂದದ್ದನ್ನೆಲ್ಲ ಓದಿದೆ. ಅಷ್ಟು ಹೊಗಳಿಕೆಗೂ ಅವರು ತಕ್ಕವರು. ಆದರೆ ಆ ನಾಟಕದ ಒಂದು ವಿಮರ್ಶೆ ಇನ್ನೂ ಬಾಕಿ ಇದೆ ಎಂದು ನನಗೆ ಬಹಳ ವರ್ಷದಿಂದ ಅನಿಸುತ್ತಿದೆ, ಅದು ರಾಜಾನದು. ರೈಲಿನಲ್ಲಿ ಅವನ ಬಗ್ಗೆ ಕೇಳಿದವರು ಮಿಲ್ಲಿನ ಅಣ್ಣ ಒಬ್ಬರೇ. ಇವತ್ತು ನಾನು ಆ ಬಾಕಿ ತೀರಿಸುತ್ತೇನೆ.

ರಾಕೇಶ್ ಬೇಡಿ ಅದಕ್ಕೆ ಮುಂಚೆ ‘ಚಶ್ಮೆ ಬದ್ದೂರ್’ ಚಿತ್ರದಲ್ಲಿ ಹುಡುಗಾಟದ ಗೆಳೆಯರಲ್ಲೊಬ್ಬನಾಗಿ ಹೆಸರು ಮಾಡಿದ್ದರು. ಕೆಲಸವಿಲ್ಲದ ಭಾವಮೈದುನನ ಪಾತ್ರವನ್ನು ಅವರು ಎರಡು ರೀತಿಯಲ್ಲಿ ಮಾಡಬಹುದಿತ್ತು. ಸೋಮಾರಿ ಎಂದು ಜನ ಬಯ್ದು ನಗುವಂತೆ, ಇಲ್ಲವೇ ಪಾಪ ಎಂದು ಕಣ್ಣೀರಿಡುವಂತೆ. ನಮ್ಮ ನಾಟಕ ಕಂಪನಿಗಳಲ್ಲಿ ಭಾವಮೈದುನನೆಂದರೆ ಮೊದಲನೆಯದೇ, ಅಕ್ಕಿ ಖಾಲಿ ಮಾಡಲು ಬಂದವನು. ಬೇಡಿ ಎರಡನ್ನೂ ಮಾಡಲಿಲ್ಲ. ರಾಜಾ ಆ ಮನೆಯಲ್ಲಿ ಮನೆಯವನ ಹಾಗೆ ಇದ್ದಾನೆ. ಕುರ್ಚಿಯಲ್ಲಿ ಪೂರ್ತಿ ಕೂರುತ್ತಾನೆ, ತುದಿಯಲ್ಲಿ ಅಲ್ಲ. ತಟ್ಟೆಗೆ ತಾನೇ ಬಡಿಸಿಕೊಳ್ಳುತ್ತಾನೆ. ಬಾಗಿಲು ತಟ್ಟಿದರೆ ತಾನೇ ಎದ್ದು ತೆಗೆಯುತ್ತಾನೆ. ಭಾವನ ಸಂಗಡ ವಾದ ಮಾಡುತ್ತಾನೆ, ಅಕ್ಕನ ಪರ ವಹಿಸುತ್ತಾನೆ, ಮರು ಗಳಿಗೆಗೆ ಭಾವನ ಪಕ್ಷ ಸೇರುತ್ತಾನೆ.

ಇನ್ನೊಬ್ಬರ ಮನೆಯಲ್ಲಿ ಇದ್ದವರಿಗೆ ಮಾತ್ರ ಇದು ಎಷ್ಟು ಕಷ್ಟದ ವಿಷಯ ಎಂಬುದು ಗೊತ್ತು. ನಾನು ಆ ಖೋಲಿಯಲ್ಲಿ ಮೊದಲ ಮೂರು ತಿಂಗಳು ಎರಡನೇ ಸಲ ಅನ್ನ ಕೇಳಲಿಲ್ಲ. ಅಕ್ಕ ಬಡಿಸಿದರೆ ಸರಿ, ಇಲ್ಲದಿದ್ದರೆ ಮಜ್ಜಿಗೆ ಕುಡಿದು ಏಳುವುದು. ರಾಜಾ ತಟ್ಟೆಗೆ ಕೈ ಹಾಕಿದ್ದನ್ನು ಟಿವಿಯಲ್ಲಿ ನೋಡಿದ ಮೇಲೆ ಒಂದು ರಾತ್ರಿ ನಾನು ಪಾತ್ರೆಯ ಮುಚ್ಚಳ ತೆಗೆದು ಅನ್ನ ಹಾಕಿಕೊಂಡೆ. ಅಕ್ಕ ಏನೂ ಹೇಳಲಿಲ್ಲ. ಮರುದಿನದಿಂದ ಅರ್ಧ ಸೇರು ಅಕ್ಕಿ ಹೆಚ್ಚು ಹಾಕಿದಳು.

ಚಾಳಿನಲ್ಲಿ ಈ ಹೋಲಿಕೆ ಯಾರಿಗೂ ಹೊಳೆಯಲಿಲ್ಲ ಎಂದಲ್ಲ. ಒಂದು ಶುಕ್ರವಾರ ಟಿವಿ ನೋಡಲು ನಮ್ಮಲ್ಲಿಗೆ ಬಂದ ಊರ ಕಡೆಯವರೊಬ್ಬರು ಕಂತು ಮುಗಿದ ಮೇಲೆ ಭಾವನ ಹೆಗಲು ತಟ್ಟಿ, “ಟಿವಿಯೊಳಗೂ ಒಬ್ಬ ರಾಜ, ನಿಮ್ಮನೆಯಲ್ಲೂ ಒಬ್ಬ ರಾಜ” ಎಂದರು. ಗಳಿಗೆ ಹೊತ್ತು ಸ್ಟೌವಿನ ಸದ್ದು ಬಿಟ್ಟು ಬೇರೇನೂ ಕೇಳಲಿಲ್ಲ. ಅಕ್ಕ ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾ ನಿಂತೇ ಇದ್ದಳು. ಭಾವ ಲೆಕ್ಕದ ಪುಸ್ತಕದಿಂದ ತಲೆ ಎತ್ತಿ, ಸಾದಾ ದನಿಯಲ್ಲಿ,

“ಅವ ಇಲ್ದಿದ್ರೆ ಆ ಮನಿಯಗೆ ನಗಿ ಎಲ್ಲಿತ್ತ್ ಮಾರಾಯ್ರೆ?” ಎಂದರು.

ಅಷ್ಟೇ. ಮತ್ತೆ ತಲೆ ತಗ್ಗಿಸಿ ಬರೆದರು. ಅವತ್ತಿನ ಸಾಲು ಈಗಲೂ ಇದೆ: ‘ಜಿಂದಗಿ, ಲಾಯ್ಕ್.’

ಶರದ್ ಜೋಶಿ ಹಾಗೆ ಬರೆದರು, ಬೇಡಿ ಹಾಗೆ ಮಾಡಿದರು, ಶಫಿ ಇನಾಂದಾರ್ ಹಾಗೆ ನಡೆದುಕೊಂಡರು. ರಂಜಿತ್ ವರ್ಮಾ ಭಾವಮೈದುನನ ಮೇಲೆ ರೇಗುತ್ತಾನೆ, ಆದರೆ ಅವನನ್ನು ಖರ್ಚಿನ ಲೆಕ್ಕಕ್ಕೆ ಹಿಡಿಯುವುದಿಲ್ಲ. ಇನಾಂದಾರ್ ರಂಗಭೂಮಿಯಿಂದ ಬಂದವರು. ‘ಅರ್ಧಸತ್ಯ’ದಲ್ಲಿ ಅವರ ಇನ್ಸ್‌ಪೆಕ್ಟರನನ್ನು ನೋಡಿದವರಿಗೆ ಆ ಮುಖ ಎಷ್ಟು ಗಂಭೀರ ಆಗಬಲ್ಲದು ಎಂಬುದು ನೆನಪಿರುತ್ತದೆ. ಅದೇ ಮುಖವನ್ನು ಇಲ್ಲಿ ಸಂಜೆ ದಣಿದು ಬಂದ ಗಂಡನಿಗೆ ಕೊಟ್ಟರು. 1996ರಲ್ಲಿ, ಐವತ್ತು ಆದದ್ದೇ ತಡ, ಹೋಗಿಬಿಟ್ಟರು. ಒಳ್ಳೆಯ ಭಾವನ ಪಾತ್ರ ಇಷ್ಟು ಚೆನ್ನಾಗಿ ಮತ್ತೆ ಯಾರೂ ಮಾಡಿದ್ದನ್ನು ನಾನು ಕಂಡಿಲ್ಲ.

ಈಗ ನಾವು ಮತ್ತೆ ನೋಡುತ್ತಿದ್ದೇವೆ. ಆ ಶನಿವಾರದ ಫೋನಿನ ಮರುವಾರದಿಂದ ಪ್ರತಿ ಶುಕ್ರವಾರ ನಾನು ಮುಲುಂಡಿನಿಂದ ಡೊಂಬಿವಲಿಗೆ ಹೋಗುತ್ತೇನೆ. ಚಾಳು ಇದ್ದಲ್ಲಿ ಏಳು ಮಾಳಿಗೆಯ ಕಟ್ಟಡ ಎದ್ದಿದೆ, ಭಾವನವರದು ನಾಲ್ಕನೆಯದರಲ್ಲಿ. ಮಗಳ ಮಗ ಟಿವಿಗೆ ಯೂಟ್ಯೂಬ್ ಜೋಡಿಸಿ ಕೊಡುತ್ತಾನೆ. ಸರಿಯಾಗಿ ಒಂಬತ್ತಕ್ಕೆ ಒಂದೇ ಕಂತು. “ಅಜ್ಜ, ಇನ್ನೊಂದು ಹಾಕಲಾ?” ಎಂದು ಅವನು ಕೇಳುತ್ತಾನೆ. ಬೇಡ ಎನ್ನುತ್ತಾರೆ ಭಾವ. ಅವನಿಗೆ ಇದು ಅರ್ಥವಾಗುವುದಿಲ್ಲ. ಅವನು ಒಂದು ರಾತ್ರಿಯಲ್ಲಿ ಎಂಟು ಕಂತು ನೋಡುವ ಕಾಲದವನು. ನಮಗೆ ಎರಡು ಕಂತಿನ ನಡುವೆ ಇದ್ದ ಆರು ದಿನವೂ ನಾಟಕದ್ದೇ ಭಾಗ. ಶನಿವಾರ ಚರ್ಚೆ, ಸೋಮವಾರ ಆ ಮಾತಿನ ನಕಲು, ಬುಧವಾರದ ಹೊತ್ತಿಗೆ ಈ ವಾರ ಯಾವ ವೇಷವೋ ಎಂಬ ಊಹೆ. ಅಷ್ಟೂ ದಿನ ರಂಜಿತ್, ರೇಣು, ರಾಜಾ ನಮ್ಮ ಪಕ್ಕದ ಖೋಲಿಯಲ್ಲೇ ಇರುತ್ತಿದ್ದರು.

ನೋಡಿದ ಮೇಲೆ ನಿಜ ಹೇಳಬೇಕು. ಎಲ್ಲ ಕಂತುಗಳೂ ಒಂದೇ ತೂಕದವಲ್ಲ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ತಪ್ಪು ತಿಳಿದು ಗೊಂದಲ ಆಗುವ ಹೂರಣ ಮತ್ತೆ ಮತ್ತೆ ಬರುತ್ತದೆ. ಸತತ ಮೂರು ವಾರ ನೋಡಿದರೆ ಮುಂದೆ ಏನಾಗುತ್ತದೆಂದು ಅಕ್ಕ ಮೊದಲೇ ಹೇಳುತ್ತಾಳೆ. ಬೇರೆ ಬೇರೆ ಪ್ರಾಂತ್ಯದವರ ಹಿಂದಿ ಉಚ್ಚಾರವನ್ನು ನಗೆಗೆ ಬಳಸಿದ್ದು ಆಗ ಚೆನ್ನಾಗಿ ಕಂಡಿತ್ತು, ಈಗ ಕೆಲವು ಕಡೆ ಮನಸ್ಸಿಗೆ ಚುಚ್ಚುತ್ತದೆ. ನಮ್ಮ ಹಿಂದಿಯನ್ನು ಆಫೀಸುಗಳಲ್ಲಿ ಹಾಗೇ ಆಡಿಕೊಂಡದ್ದನ್ನು ನಾವು ಉಂಡವರು. ರೇಣುವಿಗೆ ಮನೆಯ ಹೊರಗೆ ಮಾಡಲು ಏನೂ ಇಲ್ಲ ಎಂಬುದನ್ನು ಭಾವನ ಮಗಳು ಮೊನ್ನೆ ಎತ್ತಿ ತೋರಿಸಿದಳು, ಸರಿಯಾದ ಮಾತು. ಸ್ವರೂಪ್ ಸಂಪತ್ ಮುಂದೆ ಮಕ್ಕಳಿಗೆ ನಾಟಕದ ಮೂಲಕ ಕಲಿಸುವ ವಿಷಯದಲ್ಲಿ ಡಾಕ್ಟರೇಟ್ ಪಡೆದರು. ಅಂಥವರ ಕೈಯಲ್ಲಿ ಆ ಕತೆಗಾರರು ಇನ್ನೂ ಏನೇನು ಮಾಡಿಸಬಹುದಿತ್ತು.

ಹಾಗಿದ್ದೂ ಚೆನ್ನಾಗಿರುವ ಕಂತು ಎಷ್ಟು ಚೆನ್ನಾಗಿದೆ! ಬಹುಪಾಲು ಒಂದೇ ಹಾಲು, ಒಂದು ಸೋಫಾ, ಒಂದು ಬಾಗಿಲು. ಕತೆ ಮನೆಯ ಹೊರಗೆ ಹೋಗುವುದೇ ಅಪರೂಪ. ಕೈಲಾಸಂ ನಾಟಕಗಳನ್ನು ಓದಿ ಬೆಳೆದವರಿಗೆ ಈ ಕಟ್ಟು ಗುರುತು ಸಿಗುತ್ತದೆ. ಮನೆಯ ನಡುಕೋಣೆ, ಒಬ್ಬರ ಹಿಂದೆ ಒಬ್ಬರು ಬರುವುದು, ಮಾತಿನ ಮೇಲೆ ಮಾತು ಹತ್ತಿ ಮನೆಯೊಳಗಿನ ಸಣ್ಣ ಬೇನೆ ಹೊರಗೆ ಬೀಳುವುದು. ಶರದ್ ಜೋಶಿ ಖಳನನ್ನು ತರುವುದಿಲ್ಲ. ಗ್ಯಾಸು, ಬಾಡಿಗೆ, ನೆಂಟರು, ಬಡ್ತಿ, ಇಷ್ಟರಲ್ಲೇ ಕತೆ. ದುಡ್ಡು ಬಂದು ಎಲ್ಲ ಸರಿಹೋಯಿತು ಎಂದು ಮುಗಿಸುವುದೂ ಇಲ್ಲ.

ಈ ನಡುಮನೆಯ ನಗು ಅಲ್ಲಿಗೇ ನಿಲ್ಲಲಿಲ್ಲ. 1988ರಲ್ಲಿ ಕುಂದನ್ ಶಾ ಅವರೇ ಆರ್.ಕೆ. ಲಕ್ಷ್ಮಣ್ ಕಲ್ಪನೆಯ ‘ವಾಗ್ಲೆ ಕೀ ದುನಿಯಾ’ ಮಾಡಿದರು. ಮೈಸೂರಿನಲ್ಲಿ ಹುಟ್ಟಿ ಬೆಳೆದು, ರಾಶಿಯವರ ‘ಕೊರವಂಜಿ’ಗೆ ಚಿತ್ರ ಬರೆದ ಲಕ್ಷ್ಮಣ್ ಮುಂಬಯಿಯ ಗುಮಾಸ್ತನಿಗೆ ನಮ್ಮ ಕರಾವಳಿಯ ಹೆಸರನ್ನೇ ಇಟ್ಟರಲ್ಲ ಎಂದು ಕಾರವಾರದ ಕ್ಯಾಷಿಯರಿಗೆ ಆದ ಸಂತೋಷ ಇಷ್ಟಿಷ್ಟಲ್ಲ. ವಾಗ್ಲೆಯಾದ ಅಂಜನ್ ಶ್ರೀವಾಸ್ತವ್ ನಿಜಜೀವನದಲ್ಲೂ ಬ್ಯಾಂಕಿನಲ್ಲಿ ದುಡಿಯುತ್ತಿದ್ದವರು ಎಂದು ತಿಳಿದ ದಿನ ಅವರು ಇಡೀ ಡಬ್ಬಿಗೆ ಪೇಡಾ ಹಂಚಿದರು. ಬೆಂಗಳೂರು ದೂರದರ್ಶನದ ‘ಸಿಹಿಕಹಿ’ ನಮಗೆ ಕಾಣುತ್ತಿರಲಿಲ್ಲ. ಊರಿಗೆ ಹೋದಾಗ ಕೇಳಿ ತಿಳಿಯುವುದು. ವಾಗ್ಲೆಯ ವಿಮರ್ಶೆಯನ್ನು ಮತ್ತೊಮ್ಮೆ ಬರೆಯುತ್ತೇನೆ, ಅದಕ್ಕೆ ಬೇರೆಯೇ ಜಾಗ ಬೇಕು.

ನನಗೆ ಕೆಲಸ ಸಿಕ್ಕಿದ್ದು 1985ರ ಜನವರಿಯಲ್ಲಿ, ಮಸ್ಜಿದ್ ಬಂದರಿನ ಒಂದು ಸಣ್ಣ ಕಂಪನಿಯ ಲೆಕ್ಕದ ವಿಭಾಗದಲ್ಲಿ. ಅದಕ್ಕೆ ಮುಂಚೆ ಹನ್ನೊಂದು ಕಡೆ ಇಲ್ಲ ಎನಿಸಿಕೊಂಡಿದ್ದೆ. ಶುಕ್ರವಾರ ಸಂಜೆ ಕಾಗದ ಕೈಗೆ ಬಂತು. ರಾತ್ರಿ ಎಲ್ಲರೂ ಎಂದಿನಂತೆ ಕಂತು ನೋಡಿದೆವು. ಶನಿವಾರ ಬೆಳಿಗ್ಗೆ ಲೋಕಲ್ಲಿನಲ್ಲಿ ಭಾವ ಕತೆ ಹೇಳಿ ಮುಗಿಸಿದರು. ದಿವಾ ದಾಟಿತ್ತು. ಮಿಲ್ಲಿನ ಅಣ್ಣ ಕಣ್ಣು ತೆರೆದು ಎಂದಿನ ಪ್ರಶ್ನೆ ಕೇಳಿದರು.

“ಸಿಕ್ಕಿತು ಅಣ್ಣ” ಎಂದರು ಭಾವ.

“ಹೌದಾ! ರಾಜಾನಿಗೆ?”

ಭಾವ ಡಬ್ಬಿ ಹಿಡಿದ ಕೈಯಿಂದಲೇ ನನ್ನನ್ನು ತೋರಿಸಿದರು. ಅಣ್ಣ ನನ್ನನ್ನು ನೋಡಿದರು, ಭಾವನನ್ನು ನೋಡಿದರು. ಆಮೇಲೆ ಜನರ ನಡುವೆ ಕೈ ತೂರಿಸಿ ನನ್ನ ತಲೆಯ ಮೇಲೆ ಇಟ್ಟರು. ಅಂಗೈಯಲ್ಲಿ ಏಲಕ್ಕಿಯ ವಾಸನೆ ಇತ್ತು, ಸಾಮಾನಿನ ಕೋಣೆಯದು. ಮುಂಬ್ರಾ ಬರುವವರೆಗೆ ಅದನ್ನು ತೆಗೆಯಲಿಲ್ಲ. ಅವರು ಮರುವರ್ಷ ಊರಿಗೆ ಹೋದರು. ಅಲ್ಲಿ ಒಂದು ಸಣ್ಣ ಅಂಗಡಿ ಹಾಕಿದರೆಂದು ಕೇಳಿದೆವು.

ಮೊದಲ ಸಂಬಳದಲ್ಲಿ ಟಿವಿಯ ನಾಲ್ಕನೆಯ ಕಂತನ್ನು ನಾನು ಕಟ್ಟಿದೆ. ಭಾವ ಬೇಡವೆಂದರು, ಅಕ್ಕ ಕಟ್ಟಲಿ ಎಂದಳು. ಆ ರಶೀದಿಯನ್ನು ಲೆಕ್ಕದ ಪುಸ್ತಕದ ಒಳಗೆ ಅಂಟಿಸಿದ್ದಾರೆ. ಅಂಟು ಕಂದು ಬಣ್ಣಕ್ಕೆ ತಿರುಗಿದೆ, ಅಂಕಿ ಮಾತ್ರ ಕಾಣುತ್ತದೆ.

ಈಗಿನ ಶುಕ್ರವಾರಗಳಿಗೆ ಭಾವ ಹೊಸ ಪುಸ್ತಕ ತೆಗೆದಿದ್ದಾರೆ. ಕೈ ನಡುಗುತ್ತದೆ, ಅಕ್ಷರ ದೊಡ್ಡದಾಗಿದೆ, ದರ್ಜೆ ಮಾತ್ರ ಮೂರೇ. ಅಕ್ಕನಿಗೆ ಈಗ ಕೈಯಲ್ಲಿ ಹಿಡಿಯುವ ಕೆಲಸ ಹೆಚ್ಚಿಲ್ಲ, ಕಾಲು ನೋವು, ಕುರ್ಚಿಯಲ್ಲಿ ಕೂತೇ ಬೀನ್ಸಿನ ನಾರು ತೆಗೆಯುತ್ತಾಳೆ. ಮೊನ್ನೆ ಶುಕ್ರವಾರ ಸತೀಶ್ ಶಾ ಬಂದಾಗ ಅವಳು ನಕ್ಕಳು, ಬೀನ್ಸು ಕೈಯಲ್ಲೇ ಇತ್ತು. ರಾಜಾ ಬಂದಾಗ ಬುಟ್ಟಿ ಕೆಳಗಿಟ್ಟಳು.

ಭಾವ ಬರೆದದ್ದು: ‘ಜಿಂದಗಿ, ಲಾಯ್ಕ್.’